ಹೆಸರೇ ವಿಧಾನವಾದ ವಿದ್ವಾಂಸ: ಮುಹಮ್ಮದ್ ಬಿನ್ ಮೂಸಾ ಅಲ್ ಖ್ವಾರಿಜ್ಮಿ

ಸಾಫ್ಟ್‌ವೇರ್ ಕ್ಷೇತ್ರಕ್ಕೆ ಹೋಗಬೇಕೆನ್ನುವ ವಿದ್ಯಾರ್ಥಿ ಮೊದಲ ದಿನಗಳಲ್ಲೇ ಕೇಳುವ ಪದಗಳಲ್ಲಿ ಅಲ್ಗಾರಿದಮ್ ಎಂಬುದೂ ಒಂದು. ಒಂದು ಕೆಲಸವನ್ನು ಎಲ್ಲಿಂದ ಆರಂಭಿಸಬೇಕು, ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳುವ ಕ್ರಮವೇ ಅಲ್ಗಾರಿದಮ್. ಸಿ, ಜಾವಾ, ಪೈಥಾನ್, ಪ್ರೋಗ್ರಾಮಿಂಗ್ ಭಾಷೆ ಯಾವುದೇ ಇರಲಿ, ಅದರಲ್ಲಿ ಬರೆಯುವುದು ಇದನ್ನೇ. ಈ ಪದ ಒಬ್ಬ ಮನುಷ್ಯರ ಹೆಸರಿನಿಂದ ಬಂದಿದೆ ಎಂಬುದು ಹಲವರಿಗೆ ಗೊತ್ತಿಲ್ಲ. ಗೊತ್ತಿರುವ ನಮ್ಮ ಕೆಲವು ಮಕ್ಕಳು ಇನ್ನೊಂದು ತುದಿಗೆ ಹೋಗಿ, ಕಂಪ್ಯೂಟರನ್ನೇ ಮುಸ್ಲಿಮರು ಕಂಡುಹಿಡಿದರೆಂದು ಭಾಷಣ ಸ್ಪರ್ಧೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಅದು ನಿಜವಲ್ಲ. ಆ ಮಹನೀಯರು ನಿಜವಾಗಿ ಮಾಡಿದ ಕೆಲಸವನ್ನು ತಿಳಿದರೆ ಇಂಥ ಉತ್ಪ್ರೇಕ್ಷೆಯ ಅಗತ್ಯವೇ ಬೀಳುವುದಿಲ್ಲ.

ಮುಹಮ್ಮದ್ ಬಿನ್ ಮೂಸಾ ಸುಮಾರು ಕ್ರಿ.ಶ. 780ರಲ್ಲಿ ಜನಿಸಿದರು. ಅಲ್ ಖ್ವಾರಿಜ್ಮಿ ಎಂದರೆ ಖ್ವಾರಿಜಮ್ ನಾಡಿನವರು ಎಂದರ್ಥ. ಅರಲ್ ಸಮುದ್ರದ ದಕ್ಷಿಣಕ್ಕಿರುವ ಆ ನಾಡು ಈಗ ಉಜ್ಬೇಕಿಸ್ತಾನ ಮತ್ತು ತುರ್ಕ್‌ಮೆನಿಸ್ತಾನಗಳಲ್ಲಿ ಹಂಚಿಹೋಗಿದೆ. ಅವರು ಅಲ್ಲೇ ಹುಟ್ಟಿದರೋ ಅಥವಾ ಅವರ ಹಿರಿಯರು ಅಲ್ಲಿಂದ ಬಂದವರೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಅವರ ಬಾಲ್ಯ, ಸಂಸಾರ, ಗುರುಗಳ ಕುರಿತು ದಾಖಲೆಗಳು ತೀರಾ ಕಡಿಮೆ. ಅವರು ಬದುಕಿ ದುಡಿದದ್ದು ಬಗ್ದಾದಿನಲ್ಲಿ, ಅಬ್ಬಾಸಿ ಖಲೀಫಾ ಮಾಮೂನರ ಕಾಲದಲ್ಲಿ (813-833). ಖಲೀಫರ ಪುಸ್ತಕ ಭಂಡಾರವಾದ ಬೈತುಲ್ ಹಿಕ್ಮಾದೊಂದಿಗೆ ಅವರಿಗೆ ಸಂಬಂಧವಿತ್ತು. ಗ್ರೀಕ್, ಸಿರಿಯಾಕ್, ಪಾರಸಿ, ಸಂಸ್ಕೃತ ಗ್ರಂಥಗಳ ಜ್ಞಾನವೆಲ್ಲ ಅರಬ್ಬಿಗೆ ಬರುತ್ತಿದ್ದ ಕಾಲವದು.

ಸಂಸ್ಕೃತದ ಮಾತು ಬಂದಿದ್ದರಿಂದ ಒಂದು ಸಂಗತಿ ಹೇಳಬೇಕು. ಖಲೀಫಾ ಮನ್ಸೂರರ ಕಾಲದಲ್ಲಿ, ಅಂದರೆ 770ರ ದಶಕದ ಆಸುಪಾಸಿನಲ್ಲಿ, ಭಾರತದ ವಿದ್ವಾಂಸರೊಬ್ಬರು ಖಗೋಳಶಾಸ್ತ್ರದ ಸಿದ್ಧಾಂತ ಗ್ರಂಥವೊಂದನ್ನು ಬಗ್ದಾದಿಗೆ ಒಯ್ದಿದ್ದರು. ಅರಬರು ಸಿದ್ಧಾಂತವನ್ನು ಸಿಂದ್‌ಹಿಂದ್ ಎಂದು ಕರೆದರು. ಖ್ವಾರಿಜ್ಮಿಯವರು ತಮ್ಮ ಖಗೋಳ ಕೋಷ್ಟಕಗಳನ್ನು ರಚಿಸಿದ್ದು ಇದರ ಆಧಾರದ ಮೇಲೆ. ಭಾರತೀಯರ ಅಂಕಿಗಳ ಬಗ್ಗೆಯೂ ಅವರು ಒಂದು ಪುಸ್ತಕ ಬರೆದರು. ಒಂದರಿಂದ ಒಂಬತ್ತರವರೆಗಿನ ಅಂಕಿಗಳು, ಖಾಲಿ ಸ್ಥಾನದಲ್ಲಿ ಇಡುವ ಒಂದು ಸಣ್ಣ ವೃತ್ತ, ಇಷ್ಟರಿಂದಲೇ ಎಷ್ಟು ದೊಡ್ಡ ಸಂಖ್ಯೆಯನ್ನಾದರೂ ಬರೆದು ಕೂಡಿ, ಕಳೆದು, ಗುಣಿಸಿ, ಭಾಗಿಸಬಹುದೆಂದು ಅದರಲ್ಲಿ ವಿವರಿಸಿದರು. ಈ ವಿದ್ಯೆ ಹಿಂದ್‌ನವರದು ಎಂಬುದನ್ನು ಅವರು ಮುಚ್ಚಿಡಲಿಲ್ಲ.

ಇದರಲ್ಲೇನು ದೊಡ್ಡದು ಎಂದು ಈಗಿನ ಮಕ್ಕಳಿಗೆ ಅನ್ನಿಸಬಹುದು. ಆಗ ಅಲ್ಲಿ ಬೆರಳೆಣಿಕೆಯೂ ಅಬ್ಜದ್ ಲೆಕ್ಕವೂ ರೂಢಿಯಲ್ಲಿದ್ದವು. ಅಬ್ಜದ್‌ನಲ್ಲಿ ಅಕ್ಷರಕ್ಕೊಂದು ಬೆಲೆ: ಅಲಿಫ್‌ಗೆ 1, ಬೇಗೆ 2, ಜೀಮ್‌ಗೆ 3. ನಮ್ಮ ಮನೆಗಳ ಬಾಗಿಲ ಮೇಲೆ ಬರೆಯುವ 786 ಬಂದದ್ದು ಈ ಲೆಕ್ಕದಿಂದಲೇ. ಸಂಖ್ಯೆಯನ್ನು ಬರೆದಿಡಲು ಅಬ್ಜದ್ ಸಾಕು. ಆದರೆ ಅಕ್ಷರಗಳಲ್ಲಿ ಬರೆದ ಎರಡು ದೊಡ್ಡ ಸಂಖ್ಯೆಗಳನ್ನು ಗುಣಿಸಲು ಕೂತರೆ ಕಷ್ಟ ಗೊತ್ತಾಗುತ್ತದೆ.

ಅವರ ಅತ್ಯಂತ ಪ್ರಸಿದ್ಧ ಗ್ರಂಥ ಜಬ್ರ್ ಮತ್ತು ಮುಕಾಬಲಾದ ಲೆಕ್ಕವನ್ನು ಕುರಿತದ್ದು. ಖಲೀಫಾ ಮಾಮೂನರ ಪ್ರೋತ್ಸಾಹದಿಂದ ಬರೆದ ಇದನ್ನು ಅವರೇ ಮುಖ್ತಸರ್, ಅಂದರೆ ಸಂಕ್ಷಿಪ್ತ ಪುಸ್ತಕ ಎಂದು ಕರೆದರು. ಉರ್ದುವಿನಲ್ಲಿ ಜಬ್ರ್ ಎಂದರೆ ಬಲವಂತ. ಹಾಗಾಗಿ ಆಲ್ಜಿಬ್ರಾ ಎಂದರೆ ಬಲವಂತದ ಲೆಕ್ಕವೇ ಸರಿ ಎಂದು ನಮ್ಮ ಹುಡುಗರು ತಮಾಷೆ ಮಾಡುವುದುಂಟು. ಅರಬ್ಬಿಯಲ್ಲಿ ಆ ಪದಕ್ಕೆ ಮುರಿದದ್ದನ್ನು ಕೂಡಿಸುವುದು ಎಂಬ ಅರ್ಥವೂ ಇದೆ. ಮುರಿದ ಮೂಳೆ ಕೂಡಿಸುವುದಕ್ಕೂ ಅದೇ ಪದ. ಸಮೀಕರಣದ ಒಂದು ಕಡೆ ಕಳೆಯಲ್ಪಟ್ಟಿರುವುದನ್ನು ಎರಡೂ ಕಡೆ ಕೂಡಿ ಸರಿಪಡಿಸುವುದು ಜಬ್ರ್. ಎರಡೂ ಕಡೆ ಇರುವ ಒಂದೇ ಬಗೆಯ ಪದಗಳನ್ನು ಎದುರುಬದುರು ಇಟ್ಟು ಸಮನಾಗಿ ತೆಗೆಯುವುದು ಮುಕಾಬಲಾ.

ಆ ಪುಸ್ತಕದಲ್ಲಿ ಎಕ್ಸ್, ವೈಗಳಿಲ್ಲ. ಲೆಕ್ಕವೆಲ್ಲ ಮಾತಿನಲ್ಲೇ. ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯ 10 ಪಟ್ಟು ಕೂಡಿದರೆ 39 ಆಗುತ್ತದೆ, ಆ ಸಂಖ್ಯೆ ಯಾವುದು ಎಂಬುದು ಅದರಲ್ಲಿನ ಹೆಸರಾಂತ ಪ್ರಶ್ನೆ. ಅವರು ಹೇಳುವ ಕ್ರಮ ಹೀಗೆ: 10ರ ಅರ್ಧ ತೆಗೆದುಕೊಳ್ಳಿ, 5. ಅದನ್ನು ಅದರಿಂದಲೇ ಗುಣಿಸಿ, 25. ಅದಕ್ಕೆ 39 ಕೂಡಿ, 64. ಅದರ ವರ್ಗಮೂಲ 8. ಅದರಿಂದ ಮೊದಲಿನ 5 ಕಳೆಯಿರಿ, ಉತ್ತರ 3. ಹತ್ತು ಮತ್ತು ಮೂವತ್ತೊಂಬತ್ತರ ಜಾಗದಲ್ಲಿ ಬೇರೆ ಸಂಖ್ಯೆ ಇಟ್ಟರೂ ಹೆಜ್ಜೆಗಳು ಬದಲಾಗುವುದಿಲ್ಲ. ಇಂಥ ಸಮೀಕರಣಗಳನ್ನೆಲ್ಲ ಅವರು ಆರು ಬಗೆಗಳಾಗಿ ವಿಂಗಡಿಸಿದರು, ಪ್ರತಿ ಬಗೆಗೂ ದಾರಿ ಹೇಳಿದರು. ವರ್ಗ, ಮೂಲ, ಸಂಖ್ಯೆ ಮೂರೂ ಬರುವ ಬಗೆಗಳಲ್ಲಿ ಆ ದಾರಿ ಏಕೆ ಸರಿ ಎಂಬುದನ್ನು ಚೌಕಗಳ ಚಿತ್ರ ಬರೆದು ತೋರಿಸಿದರು. ಪ್ರೋಗ್ರಾಮ್ ಬರೆಯುವವರು ಮಾಡುವ ಕೆಲಸಕ್ಕೆ ಇದು ಎಷ್ಟು ಹತ್ತಿರವೆಂಬುದನ್ನು ಆ ವೃತ್ತಿಯಲ್ಲಿರುವವರು ಕೂಡಲೇ ಗುರುತಿಸುತ್ತಾರೆ.

ಇಷ್ಟೆಲ್ಲ ಯಾರಿಗಾಗಿ? ಆಸ್ತಿ ಪಾಲು, ವಸಿಯ್ಯತ್, ವ್ಯಾಪಾರ, ಜಮೀನಿನ ಅಳತೆ, ಕಾಲುವೆ ತೋಡುವುದು, ಇಂಥ ದಿನನಿತ್ಯದ ವ್ಯವಹಾರಗಳಲ್ಲಿ ಜನರಿಗೆ ನೆರವಾಗಲೆಂದು ಬರೆದೆನೆಂದು ಅವರು ಪೀಠಿಕೆಯಲ್ಲಿ ತಿಳಿಸಿದ್ದಾರೆ. ಪುಸ್ತಕದ ದೊಡ್ಡ ಭಾಗ ಮೀಸಲಾಗಿರುವುದು ಪಾಲಿನ ಲೆಕ್ಕಕ್ಕೇ. ಅದರಲ್ಲೊಂದು: ಒಬ್ಬ ಹೆಂಗಸು ತೀರಿಕೊಂಡಿದ್ದಾಳೆ. ಗಂಡ, ಒಬ್ಬ ಮಗ, ಮೂವರು ಹೆಣ್ಣುಮಕ್ಕಳಿದ್ದಾರೆ. ಹೊರಗಿನವರೊಬ್ಬರಿಗೆ ಆಸ್ತಿಯ ಎಂಟನೇ ಒಂದು ಮತ್ತು ಏಳನೇ ಒಂದು ಭಾಗ ಸೇರಿಸಿ ವಸಿಯ್ಯತ್ ಮಾಡಿದ್ದಾಳೆ. ವಸಿಯ್ಯತ್ ಮೂರನೇ ಒಂದು ಭಾಗ ಮೀರಿಲ್ಲವಾದ್ದರಿಂದ ಮೊದಲು ಅದು ಸಲ್ಲಬೇಕು. ಉಳಿದದ್ದರಲ್ಲಿ ಗಂಡನಿಗೆ ನಾಲ್ಕನೇ ಒಂದು. ಮಿಕ್ಕದ್ದು ಮಗನಿಗೆ ಎರಡು ಪಾಲು, ಹೆಣ್ಣುಮಕ್ಕಳಿಗೆ ಒಂದೊಂದು ಪಾಲು. ಆಸ್ತಿಯನ್ನು 1120 ಭಾಗ ಮಾಡಿದರೆ ಹೊರಗಿನವರಿಗೆ 300, ಗಂಡನಿಗೆ 205, ಮಗನಿಗೆ 246, ಹೆಣ್ಣುಮಕ್ಕಳಿಗೆ ತಲಾ 123. ಒಂದು ಭಾಗವೂ ಹೆಚ್ಚು ಕಡಿಮೆ ಇಲ್ಲ. ಮೂವರು ಹೆಣ್ಣುಮಕ್ಕಳ 123 ಅವರ ಕೈಗೇ ಸೇರಬೇಕಾದರೆ ಲೆಕ್ಕ ಎಲ್ಲರೆದುರು ಬಿಡಿಸಿ ತೋರಿಸುವಂತಿರಬೇಕು.

ಒಮ್ಮೆ ಈ ಲೆಕ್ಕವನ್ನು ಕಂಪ್ಯೂಟರ್ ಕೋರ್ಸ್ ಮಾಡುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಕೊಟ್ಟೆ. ಸಿ ಭಾಷೆಯ ಆದೇಶಗಳೆಲ್ಲ ಅವನಿಗೆ ಬಾಯಿಪಾಠ. ಆದರೂ ಕೀಬೋರ್ಡಿನ ಮುಂದೆ ಬಹಳ ಹೊತ್ತು ಸುಮ್ಮನೆ ಕುಳಿತ. ಹತ್ತನೇ ತರಗತಿಯ ಅವನ ತಂಗಿ ಪೆನ್ಸಿಲ್ ಹಿಡಿದು, ಮೊದಲು ಯಾವುದನ್ನು ತೆಗೆದಿಡಬೇಕು, ಉಳಿದದ್ದನ್ನು ಎಷ್ಟರಿಂದ ಭಾಗಿಸಬೇಕು ಎಂದು ಸಾಲು ಸಾಲಾಗಿ ಬರೆದಳು. ಆಮೇಲೆ ಅವನು ಪ್ರೋಗ್ರಾಮ್ ಬರೆಯಲು ಅರ್ಧ ಗಂಟೆ ಸಾಕಾಯಿತು. ಭಾಷೆ ಕಲಿಸುವವನಾದ ನನಗೆ ಇದು ಹೊಸದೇನಲ್ಲ. ವ್ಯಾಕರಣ ಪೂರ್ತಿ ಬಂದರೂ ಹೇಳಲು ವಿಷಯವಿಲ್ಲದೆ ಪ್ರಬಂಧದ ಹಾಳೆ ಖಾಲಿ ಕೊಡುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ.

ಖ್ವಾರಿಜ್ಮಿಯವರು ಭೂಗೋಳದ ಮೇಲೂ ಗ್ರಂಥ ರಚಿಸಿ, 2402 ಸ್ಥಳಗಳ ಅಕ್ಷಾಂಶ ರೇಖಾಂಶ ಪಟ್ಟಿಮಾಡಿದರು. ಯಹೂದಿಗಳ ಪಂಚಾಂಗದ ಬಗ್ಗೆಯೂ ಅವರ ಬರಹವಿದೆ. ಸುಮಾರು 850ರಲ್ಲಿ ಅವರು ನಿಧನರಾದರು. ಅದೇ ಹೊತ್ತಿಗೆ ನಮ್ಮ ಮಳಖೇಡದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದರು. ರಾಷ್ಟ್ರಕೂಟರ ಹೆಸರು ಅರಬ್ ವರ್ತಕರ ಬರಹಗಳಲ್ಲಿ ಬಲ್ಹರಾ ಎಂದು ಬರುತ್ತದೆ.

ಮುಂದಿನ ಕಥೆ ವಿಚಿತ್ರವಾಗಿದೆ. ಭಾರತೀಯ ಅಂಕಿಗಳ ಪುಸ್ತಕದ ಅರಬ್ಬಿ ಮೂಲ ಕಳೆದುಹೋಯಿತು. 12ನೇ ಶತಮಾನದ ಲ್ಯಾಟಿನ್ ರೂಪಗಳಷ್ಟೇ ಉಳಿದವು. ಅವುಗಳಲ್ಲಿ ಅವರ ಹೆಸರು ಅಲ್ಗೊರಿಜ್ಮಿ ಎಂದಾಗಿತ್ತು. ಕ್ರಮೇಣ ಯುರೋಪಿನವರು ಅದು ವ್ಯಕ್ತಿಯ ಹೆಸರೆಂಬುದನ್ನೇ ಮರೆತು, ಹೊಸ ಅಂಕಿಗಳ ಲೆಕ್ಕಕ್ಕೇ ಆ ಹೆಸರಿಟ್ಟರು. ಜಬ್ರ್ ಪುಸ್ತಕವನ್ನು 1145ರಲ್ಲಿ ಸ್ಪೇನಿನ ಸೆಗೋವಿಯಾದಲ್ಲಿ ಚೆಸ್ಟರ್‌ನ ರಾಬರ್ಟ್ ಲ್ಯಾಟಿನ್‌ಗೆ ತಂದರು. 1831ರಲ್ಲಿ ಫ್ರೆಡರಿಕ್ ರೋಸೆನ್ ಲಂಡನ್ನಿನಲ್ಲಿ ಅದರ ಅರಬ್ಬಿ ಮೂಲವನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಮರೆತುಹೋಗಿದ್ದ ಪದದ ಹಿಂದಿನ ಮನುಷ್ಯ ಯಾರೆಂಬುದು ವಿದ್ವಾಂಸರಿಗೆ ಸ್ಪಷ್ಟವಾದದ್ದೂ 19ನೇ ಶತಮಾನದಲ್ಲೇ.

1958ರಲ್ಲಿ ಯುರೋಪ್ ಮತ್ತು ಅಮೆರಿಕದ ತಜ್ಞರು ಜ್ಯೂರಿಕ್‌ನಲ್ಲಿ ಸೇರಿ ರೂಪಿಸಿದ ಪ್ರೋಗ್ರಾಮಿಂಗ್ ಭಾಷೆಗೆ ಅಲ್ಗಾಲ್ ಎಂಬ ಹೆಸರು ನಿಂತಿತು. ಅಲ್ಗಾರಿದಮ್ ಭಾಷೆ ಎಂದು ಅದರ ಅರ್ಥ. ನಮ್ಮ ಮಕ್ಕಳು ಕಲಿಯುವ ಸಿ ಭಾಷೆ ಆ ವಂಶದ್ದೇ. 1979ರ ಸೆಪ್ಟೆಂಬರ್‌ನಲ್ಲಿ, ಶೀತಲ ಸಮರ ಇನ್ನೂ ನಡೆದಿದ್ದಾಗಲೇ, ಅಮೆರಿಕದ ಡೊನಾಲ್ಡ್ ಕ್ನುತ್ ಮತ್ತು ಸೋವಿಯತ್ ಒಕ್ಕೂಟದ ಆಂದ್ರೇ ಎರ್ಷೋವ್ ಮುಂದಾಗಿ ಹಲವು ದೇಶಗಳ ಕಂಪ್ಯೂಟರ್ ವಿಜ್ಞಾನಿಗಳನ್ನೂ ಗಣಿತಜ್ಞರನ್ನೂ ಅಲ್ಗಾರಿದಮ್ ಕುರಿತ ಒಂದು ಸಮಾವೇಶಕ್ಕೆ ಕರೆದರು. ಅದು ನಡೆದದ್ದು ಮಾಸ್ಕೋದಲ್ಲಲ್ಲ, ನ್ಯೂಯಾರ್ಕಿನಲ್ಲೂ ಅಲ್ಲ. ಖ್ವಾರಿಜಮ್ ನಾಡಿನ ಉರ್ಗೆಂಚ್ ಪಟ್ಟಣದಲ್ಲಿ.