ತಂತಿಯಿಲ್ಲದೆ ಗಂಟೆ ಬಾರಿಸಿದ ಬೋಸರು

ರೇಡಿಯೋ ಅಲೆ ಕಣ್ಣಿಗೆ ಕಾಣಲ್ಲ, ಕಿವಿಗೂ ಕೇಳಲ್ಲ. ಅದನ್ನು ಹಿಡಿಯುವ ಉಪಕರಣವನ್ನು ತಾವೇ ಮಾಡಿಕೊಂಡ ಜಗದೀಶಚಂದ್ರ ಬೋಸ್ ಅವರ ಬಗ್ಗೆ ಬರೆದಿದ್ದೇನೆ.

ಇವರು 1858ನೇ ಇಸವಿ ನವೆಂಬರ್ 30ರಂದು ಬಂಗಾಳದಲ್ಲಿ ಹುಟ್ಟಿದರು. ತಂದೆ ದೊಡ್ಡ ಸರ್ಕಾರಿ ಅಧಿಕಾರಿ. ಆದರೂ ಮಗನನ್ನು ಮೊದಲು ಇಂಗ್ಲಿಷ್ ಶಾಲೆಗೆ ಕಳಿಸಲಿಲ್ಲ, ಬಂಗಾಳಿ ಶಾಲೆಗೇ ಸೇರಿಸಿದರು. ಅಲ್ಲಿ ಮೀನುಗಾರರ ಮಗ, ಜವಾನನ ಮಗ ಇವರ ಪಕ್ಕದಲ್ಲೇ ಕೂರುತ್ತಿದ್ದರು.

ಬೋಸರು ಇಂಗ್ಲೆಂಡಿನಲ್ಲಿ ಓದಿ ಬಂದು 1885ರಲ್ಲಿ ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮೇಷ್ಟ್ರಾದರು. ಭಾರತೀಯರು ಅಂತ ಇವರಿಗೆ ಬಿಳಿಯರಿಗಿಂತ ಕಡಿಮೆ ಸಂಬಳ ಗೊತ್ತುಮಾಡಿದರು. ಬೋಸರು ಮೂರು ವರ್ಷ ಸಂಬಳವನ್ನೇ ಮುಟ್ಟಲಿಲ್ಲ, ಆದರೆ ಪಾಠ ಮಾಡೋದನ್ನೂ ಬಿಡಲಿಲ್ಲ. ಕೊನೆಗೆ ಸರ್ಕಾರವೇ ಸೋತು ಪೂರ್ತಿ ಸಂಬಳವನ್ನು ಬಾಕಿ ಸಮೇತ ಕೊಟ್ಟಿತು.

ಕಾಲೇಜಿನಲ್ಲಿ ಒಳ್ಳೆಯ ಪ್ರಯೋಗಶಾಲೆ ಇರಲಿಲ್ಲ. ಒಂದು ಚಿಕ್ಕ ಕೋಣೆಯಲ್ಲಿ, ತಗಡಿನ ಕೆಲಸದವನ ಸಹಾಯದಿಂದ ಉಪಕರಣ ಮಾಡಿಕೊಂಡರು. 1895ರಲ್ಲಿ ಕಲ್ಕತ್ತಾದ ಟೌನ್ ಹಾಲಿನಲ್ಲಿ ಜನರ ಮುಂದೆ ಗೋಡೆ ದಾಟಿ ಅಲೆ ಕಳಿಸಿ, ದೂರದ ಗಂಟೆ ಬಾರಿಸಿ, ಮದ್ದು ಸಿಡಿಸಿ ತೋರಿಸಿದರು. ನಡುವೆ ತಂತಿಯೇ ಇರಲಿಲ್ಲ!

ಇಂಥ ಉಪಕರಣದಲ್ಲಿ ಕಷ್ಟವಾದ ಭಾಗ ಮೊದಲನೆಯದು, ಅಂದರೆ ಅಲೆಯನ್ನು ಒಳಗೆ ತೆಗೆದುಕೊಳ್ಳುವ ಭಾಗ. ಅಲ್ಲಿ ಅಲೆ ಸಿಗದಿದ್ದರೆ ಮುಂದಿನ ಗಂಟೆ, ಬ್ಯಾಟರಿ ಎಲ್ಲ ದಂಡ. ಆಗ ಬೇರೆಯವರು ಗಾಜಿನ ಕೊಳವೆಯಲ್ಲಿ ಲೋಹದ ಪುಡಿ ತುಂಬುತ್ತಿದ್ದರು. ಅಲೆ ಬಂದಾಗ ಪುಡಿ ಒಂದಕ್ಕೊಂದು ಅಂಟಿ ವಿದ್ಯುತ್ ಹರಿಯುತ್ತಿತ್ತು. ಆದರೆ ಅಂಟಿದ ಪುಡಿ ತಾನಾಗಿ ಬಿಡುತ್ತಿರಲಿಲ್ಲ. ಪ್ರತಿಸಲ ಕೊಳವೆಯನ್ನು ತಟ್ಟಬೇಕಿತ್ತು. ಬೋಸರು ಪುಡಿ ಬಿಟ್ಟು, ಸಣ್ಣ ಉಕ್ಕಿನ ಸ್ಪ್ರಿಂಗುಗಳನ್ನು ಒಂದರ ಪಕ್ಕ ಒಂದು ತಾಗುವಂತೆ ಜೋಡಿಸಿದರು. ಒಂದು ತಿರುಪು ತಿರುಗಿಸಿ ಅವುಗಳ ಒತ್ತಡವನ್ನು ಹೆಚ್ಚು ಕಡಿಮೆ ಮಾಡಬಹುದಿತ್ತು. ತುಂಬ ಬಿಗಿಯಾದರೂ, ತುಂಬ ಸಡಿಲವಾದರೂ ಅಲೆ ಸರಿಯಾಗಿ ಸಿಗಲ್ಲ. ಅದಕ್ಕೇ ತಾಳ್ಮೆ ಬೇಕು. ಆಮೇಲೆ ಸೀಸದ ಅದಿರು ಗೆಲೀನಾದಿಂದಲೂ ಅಲೆ ಹಿಡಿದರು. ಅದಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು.

ಮುಂದೆ ಗಿಡಗಳ ಬೆಳವಣಿಗೆಯನ್ನು ಸಾವಿರಾರು ಪಟ್ಟು ದೊಡ್ಡದಾಗಿ ತೋರಿಸುವ ಕ್ರೆಸ್ಕೋಗ್ರಾಫ್ ಮಾಡಿದರು. 1917ರಲ್ಲಿ ಕಲ್ಕತ್ತಾದಲ್ಲಿ ಬೋಸ್ ಸಂಸ್ಥೆ ಕಟ್ಟಿದರು. 1937ರ ನವೆಂಬರ್ 23ರಂದು ತೀರಿಕೊಂಡರು.

ಸ್ನೇಹಿತರೇ, ನಮ್ಮ ಶಾಲೆಯಲ್ಲೂ ಸಾಮಾನು ಕಡಿಮೆ. ನಾವೂ ಕನ್ನಡದಲ್ಲೇ ಓದುತ್ತೇವೆ. ಬೋಸರ ಕಥೆ ಓದಿದ ಮೇಲೆ ಅದು ನೆಪ ಅಂತ ನನಗೆ ಅನ್ನಿಸಿತು. ನಿಮಗೆ?