ಡಾ. ಮಾರ್ಟಿನ್ ಲೂಥರ್ ಕಿಂಗ್ : ಒಂದು ಸ್ಮರಣೆ

ನಮ್ಮ ಸಹಕಾರ ಸಂಘದ ರಜತ ಮಹೋತ್ಸವದ ಈ ಸಂಚಿಕೆಯಲ್ಲಿ ಅಮೆರಿಕದ ಒಬ್ಬ ಪಾದ್ರಿಯ ವಿಷಯ ಯಾಕೆ ಅಂತ ಸದಸ್ಯ ಬಾಂಧವರು ಕೇಳಬಹುದು. ಕಾರಣ ಇದೆ. ಜೆ.ಪಿ. ನಗರ, ಬನಶಂಕರಿ ಬಡಾವಣೆಗಳು ನಮ್ಮ ಹೊಲದಂಚಿಗೆ ಬಂದ ಕಾಲದಿಂದ ನಮ್ಮೂರ ಹೆಣ್ಣುಮಕ್ಕಳು ಮನೆಗೆಲಸಕ್ಕೆ ಜಯನಗರದ ತನಕ ನಡೆದು ಹೋಗಿದ್ದಾರೆ. ಅಂಥವರೇ ನಡೆದು ನಡೆದು ಗೆದ್ದ ಹೋರಾಟಕ್ಕೆ ಮುಂದಾಳಾಗಿದ್ದವರು ಕಿಂಗ್. 1959ರಲ್ಲಿ ಗಾಂಧೀಜಿಯ ನಾಡನ್ನು ನೋಡಲು ಪತ್ನಿ ಕೊರೆಟ್ಟಾ ಜೊತೆ ಭಾರತ ಸುತ್ತಿದಾಗ ನಮ್ಮ ಬೆಂಗಳೂರಿಗೂ ಬಂದುಹೋಗಿದ್ದರು.

ಕಿಂಗ್ ಹುಟ್ಟಿದ್ದು 1929ರ ಜನವರಿ 15ರಂದು, ಅಟ್ಲಾಂಟಾ ನಗರದಲ್ಲಿ. ತಂದೆಯೂ ಪಾದ್ರಿ, ತಾಯಿಯ ತಂದೆಯೂ ಪಾದ್ರಿ. ಇವರೂ 1954ರಲ್ಲಿ ಮಾಂಟ್‌ಗೊಮೆರಿ ಎಂಬ ಊರಿನ ಚರ್ಚಿಗೆ ಪಾದ್ರಿಯಾಗಿ ಬಂದರು.

ಆ ಊರಿನ ಬಸ್ಸಿನಲ್ಲಿ ಮುಂದಿನ ಸೀಟು ಬಿಳಿಯರಿಗೆ, ಹಿಂದಿನದು ಕರಿಯರಿಗೆ. ಎಷ್ಟೋ ಸಲ ಕರಿಯರು ಮುಂದೆ ದುಡ್ಡು ಕೊಟ್ಟು, ಕೆಳಗಿಳಿದು, ಹಿಂಬಾಗಿಲಿಂದ ಹತ್ತಬೇಕಿತ್ತು. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಹೊಲಿಗೆ ಕೆಲಸದ ಹೆಣ್ಣುಮಗಳು ಸೀಟು ಬಿಡಲ್ಲ ಅಂದರು. ಪೊಲೀಸರು ಹಿಡಿದೊಯ್ದರು. ಕರಿಯರೆಲ್ಲ ಬಸ್ಸನ್ನೇ ಬಿಟ್ಟರು. 26 ವರ್ಷದ ಕಿಂಗ್ ಅವರನ್ನು ಮುಂದಾಳಾಗಿ ಆರಿಸಿದರು.

ಸಹಕಾರ ಸಂಘದವರಾದ ನಮಗೆ ಇಲ್ಲೊಂದು ಕುತೂಹಲದ ಸಂಗತಿ. ಕಾರು ಇದ್ದವರು ಕಾರು ಕೊಟ್ಟರು, ಇಲ್ಲದವರು ಚಂದಾ ಕೊಟ್ಟರು. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಅಂತ ಜಾಗ ಗೊತ್ತುಮಾಡಿ ಸುಮಾರು 300 ಕಾರು ಓಡಿಸಿದರು. ಆದರೂ ಮನೆಗೆಲಸದ ಹೆಂಗಸರು ಎಷ್ಟೋ ಜನ ಮೈಲಿಗಟ್ಟಲೆ ನಡೆದರು. ಬಸ್ಸು ಹತ್ತಲ್ಲ ಅಂದ್ರೆ ಹತ್ತಲ್ಲ, ಅಷ್ಟೇ.

ಇತ್ತ ಕಿಂಗ್ ಅವರ ಮನೆಗೆ ಹಗಲು ರಾತ್ರಿ ಕೊಲೆ ಬೆದರಿಕೆಯ ಫೋನು. 1956ರ ಜನವರಿ 27ರ ರಾತ್ರಿ ಅಂಥದೊಂದು ಕರೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಒಳಗೆ ಹೆಂಡತಿ ಮತ್ತು ಎರಡು ತಿಂಗಳ ಹಸುಗೂಸು. ಅಡುಗೆಮನೆಯಲ್ಲಿ ಕಾಫಿ ಮಾಡಿಕೊಂಡು ಕೂತರು. ಅವಮಾನವಾಗದಂತೆ ಇದರಿಂದ ಹೊರಬರುವುದು ಹೇಗೆ ಅಂತಲೂ ಲೆಕ್ಕ ಹಾಕಿದರು. ಕೊನೆಗೆ ಮೇಜಿನ ಮೇಲೆ ತಲೆಯಿಟ್ಟು, ನನಗೆ ಕೈಲಾಗುತ್ತಿಲ್ಲ ಅಂತ ದೇವರಲ್ಲಿ ಬಾಯಿಬಿಟ್ಟು ಹೇಳಿಕೊಂಡರು. ನ್ಯಾಯದ ಪರ ನಿಲ್ಲು, ನಾನು ಕೈಬಿಡುವುದಿಲ್ಲ ಎಂದು ಯೇಸು ಹೇಳಿದ ಹಾಗಾಯಿತಂತೆ. ಅಪ್ಪ ತಾತನಿಂದ ಬಂದಿದ್ದ ಧರ್ಮ ಅವತ್ತು ಅವರದೇ ಆಯಿತು ಅಂತ ನಮಗನಿಸುತ್ತದೆ.

ಮೂರೇ ದಿನಕ್ಕೆ ಮನೆಗೆ ಬಾಂಬ್ ಬಿತ್ತು. ಕಿಂಗ್ ಸಭೆಯಲ್ಲಿದ್ದರು, ತಾಯಿ ಮಗು ಉಳಿದರು. ರೊಚ್ಚಿಗೆದ್ದ ಜನ ಆಯುಧ ಹಿಡಿದೇ ಮನೆ ಮುಂದೆ ಸೇರಿದರು. ಕಿಂಗ್ ಒಡೆದ ಜಗುಲಿಯ ಮೇಲೆ ನಿಂತು, ದ್ವೇಷ ಬೇಡ, ಮನೆಗೆ ಹೋಗಿ ಅಂತ ಎಲ್ಲರನ್ನೂ ಕಳಿಸಿದರು. 381 ದಿನಗಳ ಮೇಲೆ, ಸುಪ್ರೀಂ ಕೋರ್ಟ್ ತೀರ್ಪಿನಂತೆ ಬಸ್ಸಿನಲ್ಲಿ ಎಲ್ಲ ಸೀಟೂ ಎಲ್ಲರದಾಯಿತು.

ಮುಂದೆ ಜೈಲು, 1963ರ ವಾಷಿಂಗ್ಟನ್ ಮೆರವಣಿಗೆ, 1964ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ. ಇವೆಲ್ಲ ಶಾಲೆಯ ಮಕ್ಕಳಿಗೂ ಗೊತ್ತು. ಪ್ರಶಸ್ತಿಯ ಹಣ ಪೂರ್ತಿ ಚಳವಳಿಗೆ ಕೊಟ್ಟರು.

1968ರಲ್ಲಿ ಮೆಂಫಿಸ್ ನಗರದಲ್ಲಿ ಕಸ ಎತ್ತುವ ಇಬ್ಬರು ಕಾರ್ಮಿಕರು ಮಳೆಗೆ ಲಾರಿಯ ಹಿಂಬದಿಯಲ್ಲಿ ನಿಂತಿದ್ದಾಗ ಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1300 ಮಂದಿ ಮುಷ್ಕರ ಹೂಡಿದರು. ಅವರ ಬೆಂಬಲಕ್ಕೆ ಹೋದ ಕಿಂಗ್ ಅವರನ್ನು ಏಪ್ರಿಲ್ 4ರಂದು ಗುಂಡಿಟ್ಟು ಕೊಂದರು. ಆಗ 39 ವರ್ಷ. ನಾಲ್ಕೇ ದಿನಕ್ಕೆ ಕೊರೆಟ್ಟಾ ಅದೇ ಊರಿನಲ್ಲಿ ಮೆರವಣಿಗೆಯ ಮುಂದೆ ನಡೆದರು. 16ರಂದು ನಗರಸಭೆ ಕಾರ್ಮಿಕರ ಸಂಘಕ್ಕೆ ಮಾನ್ಯತೆ ಕೊಟ್ಟು, ಕೂಲಿ ಹೆಚ್ಚಿಸಲು ಒಪ್ಪಿತು.