ಎಂಜಿನ್ನಿನ ಬಿಸಿ ತಣಿಸಿದ ಮೈಬಾಕ್

ಮಕ್ಕಳೇ, ನೀವು ಎಂದಾದರೂ ಕಾರಿನಲ್ಲಿ ಚಾಲಕರ ಪಕ್ಕ ಕುಳಿತಿದ್ದೀರಾ? ಹಲವು ಕಾರುಗಳಲ್ಲಿ ಅವರ ಮುಂದಿನ ಫಲಕದಲ್ಲಿ 'ಸಿ' ಮತ್ತು 'ಎಚ್' ಅಕ್ಷರಗಳ ನಡುವೆ ಒಂದು ಪುಟ್ಟ ಮುಳ್ಳು ಇರುತ್ತದೆ. ಅದು ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು ತೋರಿಸುತ್ತದೆ. ಈ ಬಿಸಿಯನ್ನು ಹತೋಟಿಗೆ ತಂದವರಲ್ಲಿ ಮುಖ್ಯರು ಜರ್ಮನಿಯ ವಿಲ್‌ಹೆಲ್ಮ್ ಮೈಬಾಕ್.

ಮೈಬಾಕ್ 1846ರ ಫೆಬ್ರವರಿ 9ರಂದು ಹೈಲ್‌ಬ್ರಾನ್ ಪಟ್ಟಣದಲ್ಲಿ ಹುಟ್ಟಿದರು. ತಂದೆ ಬಡಗಿ. ಹತ್ತು ವರ್ಷ ತುಂಬುವಷ್ಟರಲ್ಲಿ ಬಾಲಕ ತಾಯಿ ತಂದೆ ಇಬ್ಬರನ್ನೂ ಕಳೆದುಕೊಂಡ. ರಾಯ್ಟ್‌ಲಿಂಗೆನ್ ಊರಿನ ಒಂದು ಅನಾಥಾಲಯ ಅವನಿಗೆ ಆಸರೆ ನೀಡಿತು. ಅಲ್ಲಿಯೇ ಯಂತ್ರಗಳ ಕಾರ್ಖಾನೆಯೂ ಇತ್ತು. ಹುಡುಗ ಯಂತ್ರದ ನಕ್ಷೆ ಬರೆಯುವುದನ್ನು ಕಲಿತ. ಕಾರ್ಖಾನೆಯ ಮುಖ್ಯಸ್ಥರಾಗಿ ಬಂದ ಗಾಟ್ಲೀಬ್ ಡೈಮ್ಲರ್ ಅವನ ಪ್ರತಿಭೆಯನ್ನು ಗುರುತಿಸಿದರು. ಅಂದಿನಿಂದ ಇಬ್ಬರೂ ಜೀವಮಾನದ ಜೊತೆಗಾರರಾದರು.

1882ರಲ್ಲಿ ಅವರು ಕಾನ್‌ಸ್ಟಾಟ್‌ಗೆ ಬಂದು, ಡೈಮ್ಲರ್ ಮನೆಯ ತೋಟದ ಗಾಜಿನ ಮನೆಯಲ್ಲಿ ಗುಟ್ಟಾಗಿ ಕೆಲಸ ಆರಂಭಿಸಿದರು. ಹಗಲಿರುಳೂ ಸದ್ದು! ಇವರು ಖೋಟಾ ನಾಣ್ಯ ಮಾಡುತ್ತಿರಬಹುದೆಂದು ತೋಟದ ಮಾಲಿಗೆ ಸಂಶಯ ಬಂದು ಪೊಲೀಸರಿಗೆ ತಿಳಿಸಿದ. ಪೊಲೀಸರು ಬಂದು ಹುಡುಕಿದರೆ ಸಿಕ್ಕಿದ್ದು ಎಂಜಿನ್ ಮಾತ್ರ!

ಎಂಜಿನ್ ಸಿದ್ಧವಾಯಿತು. ಆದರೆ ಇಂಧನ ಉರಿದಾಗ ಬರುವ ಶಾಖವೆಲ್ಲ ಚಲನೆಯಾಗಿ ಬದಲಾಗುವುದಿಲ್ಲ. ಉಳಿದ ಶಾಖವನ್ನು ಹೊರಹಾಕದಿದ್ದರೆ ಲೋಹದ ಭಾಗಗಳು ಹಿಗ್ಗಿ, ಒಂದಕ್ಕೊಂದು ಕಚ್ಚಿಕೊಂಡು ಎಂಜಿನ್ ಹಾಳಾಗುತ್ತದೆ. ಆ ಕಾಲದ ಅನೇಕ ಕಾರುಗಳಲ್ಲಿ ನೀರು ಕುದಿದು ಆವಿಯಾಗುತ್ತಿತ್ತು. ದಾರಿಯುದ್ದಕ್ಕೂ ನೀರು ತುಂಬಬೇಕಾಗುತ್ತಿತ್ತು. 1889ರ ಕಾರಿನಲ್ಲಿ ಮೈಬಾಕ್ ಉಕ್ಕಿನ ಕೊಳವೆಗಳಿಂದ ಚೌಕಟ್ಟು ಮಾಡಿ, ಆ ಕೊಳವೆಗಳೊಳಗೇ ನೀರು ಹರಿಸಿ ತಣಿಸಿದರು. ಸಣ್ಣ ಎಂಜಿನ್ನಿಗೆ ಅದು ಸಾಕಾಯಿತು. ದೊಡ್ಡ ಎಂಜಿನ್ನಿಗೆ?

1900ರ ಮಾರ್ಚ್‌ನಲ್ಲಿ ಡೈಮ್ಲರ್ ತೀರಿಕೊಂಡರು. ಅದೇ ವರ್ಷ ಎಮಿಲ್ ಯೆಲಿನೆಕ್ ಎಂಬ ವ್ಯಾಪಾರಿ 35 ಅಶ್ವಶಕ್ತಿಯ ಕಾರು ಬೇಕೆಂದು ಕೇಳಿದರು. ಗೆಳೆಯನಿಲ್ಲದ ಮೈಬಾಕ್ ಈಗ ಮುಂದೆ ನಿಂತು ಅದನ್ನು ರೂಪಿಸಬೇಕಾಯಿತು. ಹೆಚ್ಚು ನೀರು ಹೊತ್ತರೆ ಕಾರಿನ ಭಾರವೇ ಹೆಚ್ಚುತ್ತದೆ. ಅವರು ನೀರನ್ನು ಹೆಚ್ಚಿಸಲಿಲ್ಲ. ನೀರಿನ ಶಾಖ ಗಾಳಿಗೆ ಸೇರುವ ಮೇಲ್ಮೈಯನ್ನು ಹೆಚ್ಚಿಸಿದರು. 6 ಮಿ.ಮೀ. ಅಗಲ, 6 ಮಿ.ಮೀ. ಎತ್ತರದ 8,070 ಪುಟ್ಟ ಕೊಳವೆಗಳನ್ನು ಜೇನುಗೂಡಿನಂತೆ ಜೋಡಿಸಿ ಬೆಸೆದರು. ಕೊಳವೆಗಳೊಳಗೆ ಗಾಳಿ, ಅವುಗಳ ನಡುವಿನ ಸಂದಿಯಲ್ಲಿ ನೀರು!

ಲೆಕ್ಕ ಹಾಕಿ ನೋಡೋಣ. ಒಂದು ಕೊಳವೆಯ ಸುತ್ತಳತೆ 24 ಮಿ.ಮೀ. ಎಲ್ಲವನ್ನೂ ಕೂಡಿಸಿದರೆ ಸುಮಾರು 194 ಮೀಟರ್. ಅಷ್ಟೇ ಗಾಳಿ ನುಗ್ಗುವ ಒಂದೇ ದೊಡ್ಡ ಚೌಕ ಕಿಂಡಿ ಮಾಡಿದ್ದರೆ ಅದರ ಸುತ್ತಳತೆ ಕೇವಲ 2 ಮೀಟರ್‌ಗಿಂತ ಸ್ವಲ್ಪ ಹೆಚ್ಚು! ಅಂದರೆ ಶಾಖ ದಾಟುವ ಜಾಗ ಸುಮಾರು 90 ಪಟ್ಟಾಯಿತು. ಹೀಗಾಗಿ ಅಷ್ಟು ದೊಡ್ಡ ಎಂಜಿನ್ನಿಗೆ 9 ಲೀಟರ್ ನೀರು ಸಾಕಾಯಿತು. ಕಾರು ನಿಧಾನವಾಗಿ ಹೋಗುವಾಗಲೂ ಗಾಳಿ ಬರಲೆಂದು ಹಿಂಬದಿಗೆ ಒಂದು ಫ್ಯಾನ್ ಇಟ್ಟರು. ಯೆಲಿನೆಕ್ ಮಗಳ ಹೆಸರಿನಿಂದ 'ಮರ್ಸಿಡಿಸ್' ಎನಿಸಿಕೊಂಡ ಆ ಕಾರು 1901ರ ಮಾರ್ಚ್‌ನಲ್ಲಿ ಫ್ರಾನ್ಸಿನ ನೀಸ್ ನಗರದ ಸ್ಪರ್ಧೆಗಳಲ್ಲಿ ಗೆದ್ದಿತು.

ಇಂದಿನ ಕಾರುಗಳಲ್ಲೂ ರೇಡಿಯೇಟರ್ ಮತ್ತು ಫ್ಯಾನ್ ಇವೆ. ಈಗ ಫ್ಯಾನ್ ಸಾಮಾನ್ಯವಾಗಿ ವಿದ್ಯುತ್ತಿನಿಂದ ತಿರುಗುತ್ತದೆ. ನೀರಿನ ತಾಪ ಅಳೆಯುವ ಸಂವೇದಕ ಸೂಚನೆ ಕೊಟ್ಟಾಗ ಅದು ಚಾಲೂ ಆಗುತ್ತದೆ. ಮುಳ್ಳು 'ಎಚ್' ಕಡೆಗೆ ಏರಿದರೆ ಮೆಕ್ಯಾನಿಕ್ ಹೇಗೆ ಯೋಚಿಸುತ್ತಾರೆ ಗೊತ್ತೇ? ಓಡುವಾಗ ಸರಿಯಿದ್ದು, ನಿಂತಾಗ ಮಾತ್ರ ಏರಿದರೆ ಸಂಶಯ ಫ್ಯಾನಿನ ಮೇಲೆ. ಏಕೆಂದರೆ ಓಡುವಾಗ ಎದುರು ಗಾಳಿಯೇ ತಣಿಸುತ್ತದೆ. ಓಡುವಾಗಲೂ ಏರಿದರೆ ನೀರು ಕಡಿಮೆಯಾಗಿರಬಹುದು ಅಥವಾ ರೇಡಿಯೇಟರ್ ಕಟ್ಟಿಕೊಂಡಿರಬಹುದು. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಚಾಲೂ ಮಾಡಿದ ಕೂಡಲೇ ಮುಳ್ಳು 'ಎಚ್' ತೋರಿಸಿದರೆ? ಎಂಜಿನ್ ಬಿಸಿಯಾಗಿಲ್ಲ, ಸಂವೇದಕವೋ ಅದರ ತಂತಿಯೋ ಕೆಟ್ಟಿದೆ. ಅಳತೆಯ ಸಾಧನವನ್ನೂ ಪರೀಕ್ಷಿಸಬೇಕು ಎಂಬುದು ವಿಜ್ಞಾನದ ಪಾಠ.

ಎಚ್ಚರಿಕೆ: ಬಿಸಿಯಾಗಿರುವ ರೇಡಿಯೇಟರಿನ ಮುಚ್ಚಳವನ್ನು ಎಂದೂ ತೆರೆಯಬಾರದು. ಒಳಗೆ ಒತ್ತಡದಲ್ಲಿರುವ ಕುದಿನೀರು ಚಿಮ್ಮಿ ಮೈ ಸುಡುತ್ತದೆ.

ಮೈಬಾಕ್ 1907ರಲ್ಲಿ ಡೈಮ್ಲರ್ ಕಂಪನಿಯನ್ನು ಬಿಟ್ಟರು. ಕಂಪನಿಗೆ ಗೆಳೆಯನ ಹೆಸರು, ಕಾರಿಗೆ ವ್ಯಾಪಾರಿಯ ಮಗಳ ಹೆಸರು. ತಮ್ಮ ಹೆಸರು ಎಲ್ಲಿಯೂ ಇರಲಿಲ್ಲ. ಆಗ ಅವರಿಗೆ 61 ವರ್ಷ. ಆದರೂ ಸುಮ್ಮನೆ ಕೂರಲಿಲ್ಲ. 1909ರಲ್ಲಿ ಮಗ ಕಾರ್ಲ್ ಜೊತೆ ಸೇರಿ ಜೆಪ್ಪೆಲಿನ್ ಆಕಾಶನೌಕೆಗಳಿಗೆ ಎಂಜಿನ್ ತಯಾರಿಸುವ ಕಾರ್ಖಾನೆ ಆರಂಭಿಸಿದರು. 1929ರ ಡಿಸೆಂಬರ್ 29ರಂದು ನಿಧನರಾದರು.

ಮಾಡಿ ನೋಡಿ: ಒಂದೇ ಅಳತೆಯ ಬಿಸಿನೀರನ್ನು ಒಂದು ಲೋಟಕ್ಕೂ ಒಂದು ತಟ್ಟೆಗೂ ಶಿಕ್ಷಕರಿಂದ ಹಾಕಿಸಿರಿ. ಐದು ನಿಮಿಷದ ನಂತರ ತಾಪಮಾಪಕದಿಂದ ಎರಡರ ತಾಪ ಅಳೆಯಿರಿ. ಬೀಸಣಿಗೆಯಿಂದ ಗಾಳಿ ಹಾಕಿ ಇದನ್ನೇ ಮತ್ತೆ ಮಾಡಿರಿ. ಯಾವುದು ಬೇಗ ತಣಿಯಿತು? ಏಕೆ? ಬರೆದಿಡಿ.